ಬಾಯಿ ಒಣಗುವುದು ಬರೀ ಉಷ್ಣವಲ್ಲ: ಹೆನ್ರಿಕ್ ಶೋಗ್ರೆನ್ ಕಂಡುಕೊಂಡ ಕಾಯಿಲೆ

ಬಾಯಿ ಒಣಗುತ್ತಿದೆ ಎಂದರೆ ನಮ್ಮಲ್ಲಿ ಥಟ್ಟನೆ ಸಿಗುವ ಉತ್ತರ ಒಂದೇ: ಉಷ್ಣ ಆಗಿದೆ, ನೀರು ಜಾಸ್ತಿ ಕುಡಿಯಬೇಕು. ಬಹಳ ಸಲ ಅಷ್ಟೇ ಸಾಕು ಕೂಡ. ಆದರೆ ಕಣ್ಣಿಗೆ ಮರಳು ಬಿದ್ದಂತೆ ಚುಚ್ಚುತ್ತಿದ್ದರೆ, ನೀರಿಲ್ಲದೆ ಒಣ ತುತ್ತು ಇಳಿಯದಿದ್ದರೆ, ಜೊತೆಗೆ ಕೀಲುನೋವೂ ತಿಂಗಳುಗಟ್ಟಲೆ ಕಾಡುತ್ತಿದ್ದರೆ? ಹೀಗೆ ಕಾಡುವ ಒಂದು ಕಾಯಿಲೆಗೆ ಸ್ವೀಡನ್ನಿನ ಕಣ್ಣಿನ ವೈದ್ಯರೊಬ್ಬರ ಹೆಸರಿದೆ.

ಹೆನ್ರಿಕ್ ಶೋಗ್ರೆನ್ ಹುಟ್ಟಿದ್ದು 1899ರಲ್ಲಿ, ಓದಿದ್ದು ಸ್ಟಾಕ್‌ಹೋಮ್‌ನ ಕರೋಲಿನ್ಸ್ಕಾ ಸಂಸ್ಥೆಯಲ್ಲಿ. 1930ರ ಆಸುಪಾಸಿನಲ್ಲಿ ಅವರ ಬಳಿ ಬಂದ ಕೆಲವು ಹೆಂಗಸರ ಕಣ್ಣೂ ಒಣಗಿತ್ತು, ಬಾಯಿಯೂ ಒಣಗಿತ್ತು, ಕೀಲುಗಳೂ ಊದಿದ್ದವು. ಕಣ್ಣಿನ ವೈದ್ಯರಿಗೆ ಬಾಯಿ, ಕೀಲಿನ ಉಸಾಬರಿ ಯಾಕೆ? ಶೋಗ್ರೆನ್ ಹಾಗೆ ಬಿಡಲಿಲ್ಲ. ರೋಸ್ ಬೆಂಗಾಲ್ ಎಂಬ ಬಣ್ಣ ಹಾಕಿ ಕಣ್ಣಿನ ಮೇಲ್ಪದರ ಎಲ್ಲೆಲ್ಲಿ ಹಾಳಾಗಿದೆ ಎಂದು ನೋಡಿದರು, ಗ್ರಂಥಿಗಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದರು. 1933ರಲ್ಲಿ ಜರ್ಮನ್ ಭಾಷೆಯಲ್ಲಿ ಬರೆದ ಪ್ರಬಂಧದಲ್ಲಿ 19 ಹೆಂಗಸರ ವಿವರವಿತ್ತು. ಅವರಲ್ಲಿ 13 ಮಂದಿಗೆ ಸಂಧಿವಾತ. ಇದು ಕಣ್ಣಿನದಷ್ಟೇ ಅಲ್ಲ, ಇಡೀ ದೇಹದ ಕಾಯಿಲೆ ಎಂಬುದು ಅವರ ವಾದ.

ಪರೀಕ್ಷಕರಿಗೆ ಅದು ಹಿಡಿಸಲಿಲ್ಲ. ವಿಶ್ವವಿದ್ಯಾಲಯದಲ್ಲಿ ಮುಂದುವರಿಯಲು ಬೇಕಾದ ದರ್ಜೆ ಸಿಗದೆ, ಶೋಗ್ರೆನ್ ಯೋನ್‌ಶೋಪಿಂಗ್ ಪಟ್ಟಣದ ಆಸ್ಪತ್ರೆ ಸೇರಿದರು. 1943ರಲ್ಲಿ ಆಸ್ಟ್ರೇಲಿಯಾದ ಕಣ್ಣಿನ ವೈದ್ಯ ಬ್ರೂಸ್ ಹ್ಯಾಮಿಲ್ಟನ್ ಆ ಪ್ರಬಂಧವನ್ನು ಇಂಗ್ಲಿಷಿಗೆ ತಂದ ಮೇಲೆ ಹೊರಜಗತ್ತು ಅದನ್ನು ಓದಿತು. ಸ್ವೀಡನ್ ಸರ್ಕಾರ ಅವರಿಗೆ ಪ್ರೊಫೆಸರ್ ಬಿರುದು ಕೊಟ್ಟಿದ್ದು 1961ರಲ್ಲಿ! 1986ರಲ್ಲಿ ಅವರು ತೀರಿಕೊಂಡರು.

ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಕಣ್ಣೀರು ಮತ್ತು ಜೊಲ್ಲುಗ್ರಂಥಿಗಳ ಮೇಲೆ ಬೀಳುವುದೇ ಈ ಕಾಯಿಲೆ ಎಂದು ಈಗ ಗೊತ್ತು. ರೋಗಿಗಳಲ್ಲಿ ಹೆಚ್ಚಿನವರು ಹೆಂಗಸರೇ. ಜೀನ್ ಚಿಕಿತ್ಸೆಗೆ ಜೊಲ್ಲುಗ್ರಂಥಿ ಅನುಕೂಲದ ಜಾಗ: ಕೆನ್ನೆಯ ಒಳಗೆ ತೆರೆಯುವ ನಾಳದ ಮೂಲಕ, ಕತ್ತರಿಸದೆಯೇ, ನಿರಪಾಯಗೊಳಿಸಿದ ವೈರಸ್ಸಿನಲ್ಲಿ ಜೀನನ್ನು ತಲುಪಿಸಬಹುದು. ಅಮೆರಿಕದಲ್ಲಿ ಬ್ರೂಸ್ ಬಾಮ್ ತಂಡ ಜೀವಕೋಶಕ್ಕೆ ನೀರಿನ ದಾರಿ ತೆರೆಯುವ ಅಕ್ವಾಪೊರಿನ್-1 ಜೀನನ್ನು ಹೀಗೆ 11 ಜನರಿಗೆ ಕೊಟ್ಟು, 2012ರಲ್ಲಿ ಫಲಿತಾಂಶ ಪ್ರಕಟಿಸಿತು. ಕೆಲವರಲ್ಲಿ ಜೊಲ್ಲು ಹೆಚ್ಚಿತು. ಆದರೆ ಅವರದು ಕ್ಯಾನ್ಸರಿನ ವಿಕಿರಣದಿಂದ ಹಾಳಾದ ಗ್ರಂಥಿ. ಶೋಗ್ರೆನ್ ಕಾಯಿಲೆಯಲ್ಲಿ ನೀರಿನ ದಾರಿಯೊಂದೇ ಸಾಲದು, ದಾಳಿಯನ್ನೂ ತಣಿಸಬೇಕು. ಉರಿಯೂತ ಇಳಿಸುವ ಜೀನುಗಳನ್ನು ಇಲಿಗಳಲ್ಲಿ ಪ್ರಯೋಗಿಸಿದ್ದಾರೆ. ಸದ್ಯಕ್ಕೆ ರೋಗಿಗಳ ಕೈಯಲ್ಲಿರುವುದು ಕೃತಕ ಕಣ್ಣೀರಿನ ಹನಿ, ಜೊಲ್ಲು ಹೆಚ್ಚಿಸುವ ಪೈಲೋಕಾರ್ಪಿನ್‌ನಂಥ ಮಾತ್ರೆ, ಮತ್ತೆ ಪಕ್ಕದಲ್ಲೊಂದು ನೀರಿನ ಬಾಟಲಿ.