ಮೆಕ್ಕೆಜೋಳದ ತೆನೆಯಲ್ಲಿ ವರ್ಣತಂತುವಿನ ಕಥೆ ಓದಿದ ಬಾರ್ಬರಾ ಮೆಕ್‌ಕ್ಲಿಂಟಾಕ್

ಸುಗ್ಗಿಯಲ್ಲಿ ಶಾಮನೂರಿನಿಂದ ದಾವಣಗೆರೆ ಮಾರುಕಟ್ಟೆಯತ್ತ ಹೋದರೆ ಮೆಕ್ಕೆಜೋಳದ ರಾಶಿ ಕಣ್ಣಿಗೆ ಬೀಳುತ್ತದೆ. ಕಾಳೆಲ್ಲ ಹೆಚ್ಚುಕಡಿಮೆ ಒಂದೇ ಬಣ್ಣ. ಆದರೆ ಇದೇ ಬೆಳೆಯ ಕೆಲವು ತಳಿಗಳಲ್ಲಿ ನೇರಳೆ ಚುಕ್ಕೆಯ ಕಾಳುಗಳಿರುತ್ತವೆ. ಆ ಚುಕ್ಕೆಗಳ ಹಿಂದೆ ಬಿದ್ದವರು ಬಾರ್ಬರಾ ಮೆಕ್‌ಕ್ಲಿಂಟಾಕ್.

ಹುಟ್ಟಿದ್ದು ಅಮೆರಿಕದ ಹಾರ್ಟ್‌ಫರ್ಡ್‌ನಲ್ಲಿ, 1902ರ ಜೂನ್ 16ರಂದು. ಓದಿದ ಹುಡುಗಿಗೆ ಗಂಡು ಸಿಗುವುದಿಲ್ಲ ಎಂದು ತಾಯಿಗೆ ಭಯ. (ಈ ಭಯ ನಮಗೂ ಹೊಸದಲ್ಲ.) ಆದರೂ 1919ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯ ಸೇರಿದರು, 1927ರಲ್ಲಿ ಸಸ್ಯಶಾಸ್ತ್ರದಲ್ಲಿ ಪಿಎಚ್‌ಡಿ ಪಡೆದರು.

ಮೆಕ್ಕೆಜೋಳದಲ್ಲಿ 10 ಜೋಡಿ ವರ್ಣತಂತುಗಳು. ಅರ್ಧದಷ್ಟು ಪರಾಗ ಮತ್ತು ಅಂಡಗಳು ಸತ್ತುಹೋಗುವ ಕೆಲವು ಗಿಡಗಳನ್ನು ಅವರು ಪರೀಕ್ಷಿಸಿದರು. ಅವುಗಳಲ್ಲಿ 8 ಮತ್ತು 9ನೆಯ ವರ್ಣತಂತುಗಳು ತುಂಡುಗಳನ್ನು ಅದಲುಬದಲು ಮಾಡಿಕೊಂಡಿದ್ದವು. ಗಿಡಕ್ಕೆ ತೊಂದರೆ ಇಲ್ಲ, ಏಕೆಂದರೆ ಏನೂ ಕಳೆದುಹೋಗಿಲ್ಲ, ಜಾಗ ಮಾತ್ರ ಬದಲಾಗಿದೆ. ತೊಂದರೆ ಬರುವುದು ಮುಂದಿನ ಪೀಳಿಗೆಗೆ ಹಂಚುವಾಗ: ಕೆಲವಕ್ಕೆ ಒಂದು ತುಂಡು ಹೆಚ್ಚು, ಇನ್ನೊಂದು ಕಡಿಮೆ. (ನಮ್ಮ ಹೊಲದಲ್ಲಿ ಅರೆಬರೆ ತುಂಬಿದ ತೆನೆ ಕಂಡರೆ ಮಾತ್ರ ವರ್ಣತಂತುವನ್ನು ಅನುಮಾನಿಸಬೇಡಿ. ಸಾಮಾನ್ಯವಾಗಿ ಅದು ನೀರಿನ ಕೊರತೆ, ಬಿಸಿಲು ಅಥವಾ ಪರಾಗಸ್ಪರ್ಶದ ಸಮಸ್ಯೆ.)

ಮನುಷ್ಯರಲ್ಲೂ ಲೆಕ್ಕ ಇದೇ. ಸುಮಾರು 500 ಜನರಲ್ಲಿ ಒಬ್ಬರಿಗೆ ಇಂಥ ಅದಲುಬದಲು ಇರುತ್ತದೆ; ಅವರು ಪೂರ್ತಿ ಆರೋಗ್ಯವಾಗಿಯೇ ಇರುತ್ತಾರೆ. ಪದೇಪದೇ ಗರ್ಭಪಾತವಾಗುವ ದಂಪತಿಗಳ ಪೈಕಿ ನೂರಕ್ಕೆ ಕೆಲವರಲ್ಲಿ ಕಾರಣ ಇದು. ಇಂಥ ಮನೆಗಳಲ್ಲಿ ಸೊಸೆಯ ಮೇಲೆಯೇ ಬೆರಳು ತೋರಿಸುವುದನ್ನು ನಾವು ಕೇಳುತ್ತಲೇ ಇರುತ್ತೇವೆ. ಅದಲುಬದಲು ಗಂಡನಲ್ಲೂ ಇರಬಹುದು. ಹಾಗಾಗಿ ಕ್ಯಾರಿಯೋಟೈಪ್ ಎಂಬ ರಕ್ತಪರೀಕ್ಷೆಯನ್ನು ಇಬ್ಬರಿಗೂ ಮಾಡಬೇಕು.

1931ರಲ್ಲಿ ಮೆಕ್‌ಕ್ಲಿಂಟಾಕ್ ಮತ್ತು ಹ್ಯಾರಿಯೆಟ್ ಕ್ರೈಟನ್ ಅದೇ 9ನೆಯ ವರ್ಣತಂತುವನ್ನು ಬಳಸಿಕೊಂಡರು. ಅದರ ಒಂದು ತುದಿಯಲ್ಲಿ ಗಂಟು, ಇನ್ನೊಂದು ತುದಿಯಲ್ಲಿ 8ನೆಯದರ ತುಂಡು. ಈ ಎರಡು ಗುರುತುಗಳಿಂದಾಗಿ, ಗುಣಗಳು ಮರುಜೋಡಣೆಯಾಗುವಾಗ ವರ್ಣತಂತುಗಳೂ ನಿಜಕ್ಕೂ ತುಂಡು ವಿನಿಮಯ ಮಾಡಿಕೊಳ್ಳುತ್ತವೆ ಎಂದು ಸೂಕ್ಷ್ಮದರ್ಶಕದಲ್ಲಿ ತೋರಿಸಲು ಸಾಧ್ಯವಾಯಿತು.

ಆಮೇಲೆ ಮುರಿದ ವರ್ಣತಂತುಗಳ ಸರದಿ. ಮುರಿದ ತುದಿ ಅಂಟಂಟು. ವರ್ಣತಂತು ಎರಡಾದಾಗ ಎರಡು ಮುರಿದ ತುದಿಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಕೋಶ ವಿಭಜನೆಯಲ್ಲಿ ಎರಡೂ ಕಡೆಯಿಂದ ಎಳೆತ, ನಡುವೆ ಸೇತುವೆ, ಮತ್ತೆ ಮುರಿತ. ಪ್ರತಿ ವಿಭಜನೆಯಲ್ಲೂ ಇದೇ ಪುನರಾವರ್ತನೆ. ಇಂದು ಇದೇ ಚಕ್ರ ಕ್ಯಾನ್ಸರ್ ಕೋಶಗಳಲ್ಲೂ ಕಾಣುತ್ತದೆ.

1941ರ ಕೊನೆಯ ಹೊತ್ತಿಗೆ ಅವರು ಕೋಲ್ಡ್ ಸ್ಪ್ರಿಂಗ್ ಹಾರ್ಬರ್‌ನಲ್ಲಿದ್ದರು. ಇಂಥ ಗಿಡಗಳಲ್ಲೇ ಚುಕ್ಕೆಯ ಗುಟ್ಟು ಸಿಕ್ಕಿತು: ಜಾಗ ಬದಲಿಸುವ ಡಿಎನ್‌ಎ ತುಣುಕು. ಅದು ಬಣ್ಣದ ಜೀನ್‌ನಲ್ಲಿ ಕೂತರೆ ಕಾಳು ಬಿಳಿಚು. ಕಾಳು ಬೆಳೆಯುವಾಗ ಹಾರಿಹೋದರೆ ಅಲ್ಲೊಂದು ನೇರಳೆ ಚುಕ್ಕೆ. ಬೇಗ ಹಾರಿದರೆ ಚುಕ್ಕೆ ದೊಡ್ಡದು.

1951ರಲ್ಲಿ ಇದನ್ನು ಸಭೆಯಲ್ಲಿ ಮಂಡಿಸಿದಾಗ ಹೆಚ್ಚಿನವರಿಗೆ ಅರ್ಥವಾಗಲಿಲ್ಲ, ಕೆಲವರು ನಂಬಲಿಲ್ಲ. ಆಗ ಅವರೇನೂ ಅನಾಮಿಕರಲ್ಲ, 1945ರಲ್ಲೇ ಅಮೆರಿಕದ ತಳಿವಿಜ್ಞಾನ ಸಂಘದ ಅಧ್ಯಕ್ಷರಾಗಿದ್ದವರು. ಕೆಲವೇ ವರ್ಷಗಳಲ್ಲಿ ಈ ವಿಷಯವನ್ನು ವಿವರವಾಗಿ ಪ್ರಕಟಿಸುವುದನ್ನು ನಿಲ್ಲಿಸಿದರು. ಪ್ರಯೋಗ ಮಾತ್ರ ನಿಲ್ಲಿಸಲಿಲ್ಲ.

ಬ್ಯಾಕ್ಟೀರಿಯಾಗಳಲ್ಲೂ ಹಾರುವ ತುಣುಕುಗಳು ಸಿಕ್ಕ ಮೇಲೆ ಜಗತ್ತು ಅವರತ್ತ ತಿರುಗಿತು. 1983ರಲ್ಲಿ ನೊಬೆಲ್, ಯಾರೊಂದಿಗೂ ಹಂಚಿಕೊಳ್ಳದೆ. ಆಗ ಅವರಿಗೆ 81. ಮನೆಯಲ್ಲಿ ಫೋನ್ ಇರಲಿಲ್ಲ, ಸುದ್ದಿ ತಿಳಿದದ್ದು ರೇಡಿಯೋದಿಂದ. 1992ರ ಸೆಪ್ಟೆಂಬರ್ 2ರಂದು ತೀರಿಕೊಂಡರು.