ಪಿಂಗ್ ಎಂಬುದು ಪೂರ್ಣರೂಪವಲ್ಲ, ಒಂದು ಸದ್ದು: ಅದನ್ನು ಬರೆದ ಮೈಕ್ ಮೂಸ್ ಅವರ ಕಥೆ

ಮೊಬೈಲ್‌ನಲ್ಲಿ ಆಟವಾಡುವವರಿಗೆ ಪಿಂಗ್ ಹೊಸ ಪದವಲ್ಲ. ಪರದೆಯ ಮೂಲೆಯಲ್ಲಿ ಪಿಂಗ್ 40 ಎಂದಿದ್ದರೆ ಖುಷಿ, 400 ಎಂದಾದರೆ ಆಟ ಕೆಟ್ಟಿತು. ಪರೀಕ್ಷೆಗೆ ಓದುವವರ ಗುಂಪುಗಳಲ್ಲಿ ಹರಿದಾಡುವ ಕಂಪ್ಯೂಟರ್ ಪೂರ್ಣರೂಪಗಳ ಪಟ್ಟಿಯಲ್ಲೂ ಅದಿರುತ್ತದೆ, ಪ್ಯಾಕೆಟ್ ಇಂಟರ್‌ನೆಟ್ ಗ್ರೋಪರ್ ಎಂದು. ಈ ಪೂರ್ಣರೂಪ ನಿಜವೇ? ಪಿಂಗ್ ಕಡಿಮೆಯಾದರೆ ಇಂಟರ್‌ನೆಟ್ ವೇಗ ಹೆಚ್ಚಿದಂತೆಯೇ? ಎರಡಕ್ಕೂ ಉತ್ತರ ಆ ಪುಟ್ಟ ಪ್ರೋಗ್ರಾಂ ಬರೆದವರ ಬದುಕಿನಲ್ಲೇ ಇದೆ. ಅಲ್ಲಿಂದಲೇ ಶುರುಮಾಡೋಣ.

ಯಾರು ಈ ಮೈಕ್ ಮೂಸ್?

ಮೈಕಲ್ ಜಾನ್ ಮೂಸ್ ಹುಟ್ಟಿದ್ದು 1958ರ ಅಕ್ಟೋಬರ್ 16ರಂದು, ಅಮೆರಿಕದಲ್ಲಿ. ಓದಿದ್ದು ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಎಂಜಿನಿಯರಿಂಗ್. ಆ ದಿನಗಳಲ್ಲಿ ಅವರು ಸೋನಾರ್ ಮತ್ತು ರೇಡಾರ್ ವ್ಯವಸ್ಥೆಗಳ ಬಗ್ಗೆ ಸಾಕಷ್ಟು ಕೆಲಸ ಮಾಡಿದ್ದರು. ಜಲಾಂತರ್ಗಾಮಿಯ ಸೋನಾರ್ ನೀರಿನೊಳಗೆ ಒಂದು ಸದ್ದು ಬಿಡುತ್ತದೆ. ಎದುರಿಗೆ ಏನಾದರೂ ಇದ್ದರೆ ಸದ್ದು ತಟ್ಟಿ ವಾಪಸ್ ಬರುತ್ತದೆ. ಎಷ್ಟು ಹೊತ್ತಿಗೆ ಬಂತು ಎಂಬುದರಿಂದ ದೂರ ತಿಳಿಯುತ್ತದೆ. ಈ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮುಂದೆ ಅವರು ಮೇರಿಲ್ಯಾಂಡ್ ರಾಜ್ಯದ ಅಬರ್ಡೀನ್‌ನಲ್ಲಿದ್ದ ಅಮೆರಿಕ ಸೇನೆಯ ಬ್ಯಾಲಿಸ್ಟಿಕ್ ಸಂಶೋಧನಾ ಪ್ರಯೋಗಾಲಯ ಸೇರಿದರು.

ಒಂದು ರಾತ್ರಿಯ ಕೆಲಸ

1983ರ ಜುಲೈನಲ್ಲಿ ನಾರ್ವೆಯಲ್ಲಿ ನಡೆದ ಸಭೆಯೊಂದರಲ್ಲಿ ಮೂಸ್ ಅವರು ಡೇವಿಡ್ ಮಿಲ್ಸ್ ಅವರ ಜೊತೆಗಿದ್ದರು. ಇಂದು ಕಂಪ್ಯೂಟರ್‌ಗಳ ಗಡಿಯಾರಗಳನ್ನು ಸರಿಹೊಂದಿಸುವ ಎನ್‌ಟಿಪಿ ವ್ಯವಸ್ಥೆಯನ್ನು ರೂಪಿಸಿದವರು ಇದೇ ಮಿಲ್ಸ್. ಎಕೋ ಸಂದೇಶ ಕಳಿಸಿ, ಅದು ಹಿಂದಿರುಗಲು ಹಿಡಿಯುವ ಸಮಯ ಅಳೆಯುತ್ತಿರುವುದಾಗಿ ಅವರು ಮಾತಿನ ನಡುವೆ ಹೇಳಿದರು. ಎಕೋ ಸಂದೇಶದ ನಿಯಮಗಳು 1981ರಲ್ಲೇ ಪ್ರಕಟವಾಗಿದ್ದವು.

ಅದೇ ವರ್ಷ ಡಿಸೆಂಬರ್‌ನಲ್ಲಿ ಪ್ರಯೋಗಾಲಯದ ನೆಟ್‌ವರ್ಕ್ ವಿಚಿತ್ರವಾಗಿ ವರ್ತಿಸತೊಡಗಿತು. ಮೂಸ್ ಅವರಿಗೆ ಮಿಲ್ಸ್ ಮಾತು ನೆನಪಾಯಿತು. ಪ್ರೋಗ್ರಾಂ ಬರೆದೇಬಿಟ್ಟರು. ಆದರೆ ಅದು ಓಡಲಿಲ್ಲ. ಅಂಥ ಸಂದೇಶ ಕಳಿಸಲು ಬೇಕಾದ ಅನುಕೂಲ ಆಗಿನ ಯೂನಿಕ್ಸ್‌ನ ಒಳಗೇ ಇರಲಿಲ್ಲ. ಅದನ್ನೂ ತಾವೇ ಬರೆದು, ಬೆಳಗಾಗುವ ಮೊದಲೇ ಎಲ್ಲವೂ ಕೆಲಸ ಮಾಡುವಂತೆ ಮಾಡಿದರು. ತಮಾಷೆಯೆಂದರೆ, ಮೊದಲ ಪಿಂಗ್ ಹೊರಡುವಷ್ಟರಲ್ಲಿ ಸಹೋದ್ಯೋಗಿಯೊಬ್ಬರು ಕೆಟ್ಟಿದ್ದ ನೆಟ್‌ವರ್ಕ್ ಉಪಕರಣವನ್ನು ಸರಿಮಾಡಿ ಆಗಿತ್ತು! ಆಗ ಮೂಸ್ ಅವರಿಗೆ 25 ವರ್ಷ.

ಹೆಸರಿನ ಸತ್ಯ

ಸೋನಾರ್ ಸದ್ದನ್ನು ಇಂಗ್ಲಿಷಿನಲ್ಲಿ ಪಿಂಗ್ ಅನ್ನುತ್ತಾರೆ. ಮೂಸ್ ಇಟ್ಟ ಹೆಸರು ಆ ಸದ್ದಿನದು, ಅಷ್ಟೇ. ಪೂರ್ಣರೂಪ ಅವರ ಮನಸ್ಸಿನಲ್ಲಿ ಇರಲಿಲ್ಲ. ಅದನ್ನು ಕೊಟ್ಟವರು ಮಿಲ್ಸ್ ಎಂದು ಮೂಸ್ ಇತರರಿಂದ ಕೇಳಿದ್ದರು. ಅದಕ್ಕಾಗಿ ಜಗಳ ತೆಗೆಯಲೂ ಇಲ್ಲ, ಬಹುಶಃ ಇಬ್ಬರದೂ ಸರಿಯಿರಬಹುದು ಎಂದು ಬರೆದು ಸುಮ್ಮನಾದರು.

127.0.0.1ಕ್ಕೆ ಉತ್ತರ ಬಂದರೆ ಎಲ್ಲ ಸರಿಯೇ?

ಅಲ್ಲ. ಇದು ಲೂಪ್‌ಬ್ಯಾಕ್ ವಿಳಾಸ, ಅಂದರೆ ಕಂಪ್ಯೂಟರ್ ತನ್ನನ್ನು ತಾನೇ ಕರೆದುಕೊಳ್ಳುವ ವಿಳಾಸ. ಆ ಪಿಂಗ್ ಯಂತ್ರದಿಂದ ಹೊರಗೇ ಹೋಗುವುದಿಲ್ಲ. ಕೇಬಲ್ ಕಿತ್ತಿಟ್ಟರೂ ಉತ್ತರ ಬರುತ್ತದೆ. ಒಳಗಿನ ಸಾಫ್ಟ್‌ವೇರ್ ಸರಿಯಿದೆ ಎಂದಷ್ಟೇ ಅದರ ಅರ್ಥ. ದೊಡ್ಡ ಡೇಟಾ ಕೇಂದ್ರಗಳ ಅತಿವೇಗದ ನೆಟ್‌ವರ್ಕ್ ಕಾರ್ಡ್ ಪರೀಕ್ಷಿಸಬೇಕಾದರೆ, ಕಳಿಸುವ ತುದಿಯನ್ನು ಪಡೆಯುವ ತುದಿಗೆ ಚಿಕ್ಕ ಕೇಬಲ್‌ನಿಂದ ಜೋಡಿಸಿ, ಹೋದದ್ದೆಲ್ಲ ತಪ್ಪಿಲ್ಲದೆ ವಾಪಸ್ ಬಂತೇ ಎಂದು ಎಣಿಸುತ್ತಾರೆ. ಇನ್ನೊಂದು ಮಾತು: ಕೆಲವು ಸರ್ವರ್‌ಗಳು ಭದ್ರತೆಗಾಗಿ ಪಿಂಗ್‌ಗೆ ಉತ್ತರಿಸುವುದೇ ಇಲ್ಲ. ಉತ್ತರ ಬಾರದಿದ್ದರೆ ಸರ್ವರ್ ಸತ್ತಿದೆ ಎಂದಲ್ಲ.

ಪಿಂಗ್ ಬೇರೆ, ವೇಗ ಬೇರೆ

ಇದಕ್ಕೆ ಸಾಕ್ಷಿ ಮೂಸ್ ಅವರೇ. ಪಿಂಗ್ ಒಂದರಿಂದಲೇ ವೇಗ ತಿಳಿಯುವಂತಿದ್ದರೆ, 1984ರಲ್ಲಿ ಅವರು ಟೆರಿ ಸ್ಲ್ಯಾಟರಿ ಅವರೊಡನೆ ಸೇರಿ ಟಿಟಿಸಿಪಿ ಎಂಬ ಇನ್ನೊಂದು ಪ್ರೋಗ್ರಾಂ ಬರೆಯಬೇಕಿರಲಿಲ್ಲ. ಪಿಂಗ್ ಅಳೆಯುವುದು ಸಂದೇಶ ಹೋಗಿ ಬರಲು ಹಿಡಿಯುವ ಸಮಯವನ್ನು. ಟಿಟಿಸಿಪಿ ಅಳೆಯುವುದು ಒಂದು ಸೆಕೆಂಡಿಗೆ ಎಷ್ಟು ಮಾಹಿತಿ ಸಾಗುತ್ತದೆ ಎಂಬುದನ್ನು. ಕೊಳಾಯಿ ತಿರುಗಿಸಿದ ಎಷ್ಟು ಹೊತ್ತಿಗೆ ನೀರು ಬಂತು ಎಂಬುದು ಒಂದು ಪ್ರಶ್ನೆ, ಒಂದು ನಿಮಿಷಕ್ಕೆ ಎಷ್ಟು ಬಿಂದಿಗೆ ತುಂಬಿತು ಎಂಬುದು ಬೇರೆ ಪ್ರಶ್ನೆ.

ಪಿಂಗ್ ಅನ್ನು ಸೊನ್ನೆಗೆ ಇಳಿಸುತ್ತೇವೆ ಎನ್ನುವ ಆ್ಯಪ್‌ಗಳನ್ನೂ ನಂಬಬೇಡಿ. ಗಾಜಿನ ಎಳೆಯೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಸಾಗುತ್ತದೆ. ಬೆಂಗಳೂರಿನಿಂದ ನ್ಯೂಯಾರ್ಕ್ ಸುಮಾರು 13,000 ಕಿ.ಮೀ. ನೇರ ಗೆರೆ ಎಳೆದ ಹಾಗೆ ಕೇಬಲ್ ಹಾಕಿದರೂ ಹೋಗಿ ಬರಲು 130 ಮಿಲಿಸೆಕೆಂಡ್ ಬೇಕೇ ಬೇಕು. ಯಾವ ಆ್ಯಪ್ ಕೂಡ ಬೆಳಕನ್ನು ಓಡಿಸಲಾರದು.

ಕಿವಿಗೆ ಕೇಳಿಸಿದ ಪಿಂಗ್

ಮೂಸ್ ಅವರಿಗೆ ಬಹಳ ಮೆಚ್ಚುಗೆಯಾದ ಒಂದು ಘಟನೆಯಿದೆ. ಕಟ್ಟಡವೊಂದರ ನೆಟ್‌ವರ್ಕ್ ಆಗಾಗ ಕೈಕೊಡುತ್ತಿತ್ತು. ಅಲ್ಲಿನ ತಂತ್ರಜ್ಞರೊಬ್ಬರು ಪ್ರತಿ ಉತ್ತರಕ್ಕೂ ಕಂಪ್ಯೂಟರ್ ಪಿಂಗ್ ಎಂದು ಕೂಗುವಂತೆ ಮಾಡಿ, ಸ್ಪೀಕರ್ ಜೋರು ಮಾಡಿದರು. ಆಮೇಲೆ ಕಟ್ಟಡವೆಲ್ಲ ಸುತ್ತಿ ಒಂದೊಂದೇ ಕನೆಕ್ಟರ್ ಅಲುಗಾಡಿಸುತ್ತ ಹೋದರು. ಕೂಗು ನಿಂತಲ್ಲಿ ದೋಷ ಸಿಕ್ಕಿತು!

ಬೇಗ ಮುಗಿದ ಬದುಕು

ಪಿಂಗ್ ಅನ್ನು ಮೂಸ್ ಯಾರು ಬೇಕಾದರೂ ಬಳಸಲು ಬಿಟ್ಟುಕೊಟ್ಟರು. ಇಂದು ಅದು ವಿಂಡೋಸ್, ಲಿನಕ್ಸ್, ಮ್ಯಾಕ್ ಎಲ್ಲದರಲ್ಲೂ ಇದೆ. ಅವರು 1979ರಲ್ಲಿ ಶುರುಮಾಡಿದ ಬಿಆರ್‌ಎಲ್-ಕ್ಯಾಡ್ ಎಂಬ ಮೂರು ಆಯಾಮದ ವಿನ್ಯಾಸ ತಂತ್ರಾಂಶ 2004ರಲ್ಲಿ ಮುಕ್ತ ತಂತ್ರಾಂಶವಾಯಿತು. ಅದನ್ನು ನೋಡಲು ಅವರಿರಲಿಲ್ಲ. 2000ದ ನವೆಂಬರ್ 20ರಂದು ಹೆದ್ದಾರಿಯಲ್ಲಿ ನಡೆದ ಅಪಘಾತದಲ್ಲಿ ತೀರಿಕೊಂಡರು. ವಯಸ್ಸು ಬರೀ 42.

ಪಿಂಗ್ ಇಷ್ಟು ಹೆಸರು ಮಾಡುತ್ತದೆಂದು ಆಗಲೇ ಗೊತ್ತಿದ್ದರೆ ಅದರ ಮೇಲೆ ಇನ್ನೂ ಒಂದೆರಡು ದಿನ ಹೆಚ್ಚು ಕೆಲಸ ಮಾಡುತ್ತಿದ್ದೆ ಎಂದು ಮೂಸ್ ಹೇಳಿಕೊಂಡಿದ್ದರು. ಪೂರ್ಣರೂಪಗಳ ಆ ಪಟ್ಟಿ ನಿಮ್ಮ ಗುಂಪಿಗೆ ಮತ್ತೆ ಬಂದರೆ, ಪಿಂಗ್ ಪಕ್ಕದಲ್ಲಿ ಈ ಹೆಸರನ್ನೂ ಸೇರಿಸಿ ಕಳಿಸಿ.