ಅಕ್ಕಿಯನ್ನು ಮರಳಿ ಕಳಿಸಿದ ತಾಯಿ: ಶರಣೆ ಆಯ್ದಕ್ಕಿ ಲಕ್ಕಮ್ಮ

ಹನ್ನೆರಡನೆಯ ಶತಮಾನದ ಕಲ್ಯಾಣವೆಂದರೆ ನಮ್ಮ ಭಾಗದ ಭಕ್ತರಿಗೆ ದೂರದ ಊರಲ್ಲ. ಉಮರ್ಗಾ ದಾಟಿ ಸ್ವಲ್ಪ ಮುಂದೆ ಹೋದರೆ ಗಡಿ, ಗಡಿಯಾಚೆಗೆ ಬಸವಕಲ್ಯಾಣ. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆ ಆಗುವ ತನಕ ನಿಲಂಗಾ, ಉದಗೀರ ತಾಲೂಕುಗಳು ಬೀದರ ಜಿಲ್ಲೆಯಲ್ಲಿಯೇ ಇದ್ದವು. ಕಾಗದದ ಮೇಲಿನ ಗೆರೆ ಸರಿಯಿತೇ ಹೊರತು ಶರಣರ ಹೆಸರುಗಳು ನಮ್ಮ ಮನೆಗಳಿಂದ ಸರಿಯಲಿಲ್ಲ. ಜಾತ್ರೆಯ ಈ ಸಂಚಿಕೆಯಲ್ಲಿ ಬಸವಣ್ಣನವರನ್ನು, ಅಲ್ಲಮಪ್ರಭುಗಳನ್ನು, ಅಕ್ಕಮಹಾದೇವಿಯನ್ನು ಸ್ಮರಿಸುವುದು ವಾಡಿಕೆ. ಈ ಸಲ ಅವರೆಲ್ಲರ ನಡುವೆ ಕೈಯಲ್ಲಿ ಕಾಸಿಲ್ಲದೆ, ನಾಲಿಗೆಯಲ್ಲಿ ಅಂಜಿಕೆಯಿಲ್ಲದೆ ಬಾಳಿದ ಒಬ್ಬ ತಾಯಿಯನ್ನು ನೆನೆಯೋಣ. ಇಂದಿನವರ ಲೆಕ್ಕದಲ್ಲಿ ಆಕೆ ಹುಚ್ಚವ್ವನೇ ಸರಿ. ಬಡವರ ಮನೆಗೆ ಬಂದ ಅಕ್ಕಿಯನ್ನು ಬಾಗಿಲಿನಿಂದಲೇ ಮರಳಿ ಕಳಿಸಿದವಳನ್ನು ಲೋಕ ಇನ್ನೇನೆಂದು ಕರೆದೀತು?

ಲಕ್ಕಮ್ಮ ಮತ್ತು ಆಕೆಯ ಪತಿ ಮಾರಯ್ಯ ರಾಯಚೂರು ಜಿಲ್ಲೆ ಲಿಂಗಸುಗೂರು ತಾಲೂಕಿನ ಅಮರೇಶ್ವರದವರೆಂದು ಪ್ರತೀತಿ. ಬಸವಣ್ಣನವರ ಕೀರ್ತಿಯನ್ನು ಕೇಳಿ ದಂಪತಿಗಳು ಕಲ್ಯಾಣಕ್ಕೆ ಬಂದರು. ಅಲ್ಲಿ ಅವರು ಹಿಡಿದ ಕಾಯಕವೇ ವಿಚಿತ್ರವಾದದ್ದು. ಮಹಾಮನೆಯಲ್ಲಿ ದಿನವೂ ದಾಸೋಹ ನಡೆಯುತ್ತಿತ್ತು. ಅಕ್ಕಿ ಅಳೆಯುವಾಗ, ಕೇರುವಾಗ, ಹೊತ್ತು ಒಯ್ಯುವಾಗ ಅಂಗಳದಲ್ಲಿ ನಾಲ್ಕು ಕಾಳು ಚೆಲ್ಲುವುದು ಸಹಜ. ಆ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕೆಲಸ, ಅದನ್ನು ಹಸನು ಮಾಡಿ ಅಡಿಗೆ ಮಾಡಿ ಜಂಗಮರಿಗೆ ನೀಡಿ ಉಳಿದುದನ್ನು ಉಣ್ಣುವುದು ಇಬ್ಬರ ನೇಮ. ಹೀಗಾಗಿ ಜನ ಅವರ ಹೆಸರಿಗೆ ಆಯ್ದಕ್ಕಿ ಎಂಬುದನ್ನು ಸೇರಿಸಿಬಿಟ್ಟರು.

ಕೇಳಿದವರಿಗೆ ಇದು ಭಿಕ್ಷೆಯಂತೆ ತೋರಬಹುದು. ಆದರೆ ಭಿಕ್ಷೆಗೂ ಇದಕ್ಕೂ ನಡುವೆ ಒಂದು ಗೆರೆಯಿತ್ತು. ಆ ಗೆರೆಯನ್ನು ಕಾಯುತ್ತ ಕುಳಿತವಳು ಲಕ್ಕಮ್ಮ. ಒಡೆಯನಿಲ್ಲದೆ ಬಿದ್ದ ಕಾಳನ್ನು ಬಗ್ಗಿ ಆಯುವುದು ದುಡಿಮೆ. ಯಾರೋ ಕೊಡಲೆಂದೇ ಇಟ್ಟದ್ದನ್ನು ಎತ್ತಿಕೊಳ್ಳುವುದು ಬೇಡಿದಂತೆ. ದುಡಿದು ತಂದವನು ಯಾರ ಹಂಗಿಗೂ ಒಳಗಾಗುವುದಿಲ್ಲ, ಬೇಡಿ ತಂದವನು ಕೊಟ್ಟವನ ಮುಂದೆ ತಲೆಯೆತ್ತುವುದು ಕಷ್ಟ. ತನ್ನ ಸ್ವಾತಂತ್ರ್ಯವೆಲ್ಲ ಆ ಚಿಕ್ಕ ಚೀಲದಲ್ಲಿದೆ ಎಂಬುದು ಆಕೆಗೆ ಚೆನ್ನಾಗಿ ಗೊತ್ತಿತ್ತು.

ಶೂನ್ಯಸಂಪಾದನೆಯಲ್ಲಿ ಈ ದಂಪತಿಗಳ ಪ್ರಸಂಗ ಬಹು ಸ್ವಾರಸ್ಯವಾಗಿ ಬಂದಿದೆ. ಮಾರಯ್ಯನಿಗೆ ಅನುಭಾವದ ಮಾತೆಂದರೆ ಬಲು ಪ್ರೀತಿ. ಒಮ್ಮೆ ಅಲ್ಲಮಪ್ರಭುಗಳೊಡನೆ ಮಾತಿಗೆ ಕುಳಿತವನಿಗೆ ಹೊತ್ತಿನ ಪರಿವೆಯೇ ಉಳಿಯಲಿಲ್ಲ. ಕಾಯಕದಲ್ಲಿ ಮೈಮರೆತರೆ ಗುರುದರ್ಶನವನ್ನೂ ಮರೆಯಬಹುದೆಂದು ಸಾರಿದವನು ಇದೇ ಮಾರಯ್ಯ. ಕಾಯಕವನ್ನೂ ಕೈಲಾಸವನ್ನೂ ಒಂದೇ ಎಂದ ಆ ಪ್ರಸಿದ್ಧ ನುಡಿ ಬಸವಣ್ಣನವರದೆಂದು ಅನೇಕರು ತಿಳಿದಿದ್ದಾರೆ, ಅದು ಇರುವುದು ಮಾರಯ್ಯನ ವಚನದಲ್ಲಿ. ಅಂಥವನೇ ಅಂದು ಗುರುವಿನ ಮಾತಿನಲ್ಲಿ ಮುಳುಗಿ ಕಾಯಕವನ್ನು ಮರೆತು ಕುಳಿತಿದ್ದ! ಮಾತು ಗಂಡನದು, ಅದನ್ನು ನಡೆಸುವ ಜವಾಬ್ದಾರಿ ಹೆಂಡತಿಯದು; ಇದು ನಮ್ಮ ಮನೆಗಳಲ್ಲಿಯೂ ಕಂಡ ಸಂಗತಿಯೇ. ಪ್ರಭುದೇವರಂಥ ಮಹಾಜ್ಞಾನಿ ಎದುರಿಗಿರುವರೆಂದು ಲಕ್ಕಮ್ಮ ಸಂಕೋಚ ಪಡಲಿಲ್ಲ. ಕಾಯಕ ನಿಂತುಹೋಗಿದೆ, ಏಳಿರೆಂದು ಗಂಡನನ್ನು ಎಬ್ಬಿಸಿ ಅಟ್ಟಿದಳು.

ಮಾರಯ್ಯನು ಅವಸರದಿಂದ ಮಹಾಮನೆಗೆ ಓಡಿದನು. ಅಂದು ಅಂಗಳದಲ್ಲಿ ಎಂದಿಗಿಂತ ಹೆಚ್ಚು ಅಕ್ಕಿ ಬಿದ್ದಿತ್ತು. ಇವರ ನಿಷ್ಠೆಯನ್ನು ಲೋಕಕ್ಕೆ ತೋರಿಸಲು ಬಸವಣ್ಣನವರೇ ಹೆಚ್ಚು ಚೆಲ್ಲಿಸಿದ್ದರೆಂದು ಹೇಳುತ್ತಾರೆ. ಮಾರಯ್ಯನಿಗೆ ಸಂಶಯ ಬರಲಿಲ್ಲ. ಬಾಚಿ ಬಾಚಿ ತುಂಬಿದನು. ತಡವಾದದ್ದಕ್ಕೆ ಬೈಗುಳ ತಪ್ಪೀತೆಂದು ಹಿಗ್ಗಿ ಬಂದಿರಬೇಕು, ಪಾಪ. ಗಂಟನ್ನು ನೋಡಿದೊಡನೆ ಲಕ್ಕಮ್ಮನ ಹುಬ್ಬು ಮೇಲೇರಿತು. ಎಂದಿನ ಅಳತೆಗಿಂತ ಇದು ಹೆಚ್ಚಿದೆ. ಈ ಹೆಚ್ಚಿನದನ್ನು ತಂದದ್ದು ಗಂಡನ ಮನಸ್ಸೋ ಅಥವಾ ಬಸವಣ್ಣನವರಿಗೆ ನಮ್ಮ ಮೇಲೆ ಹುಟ್ಟಿದ ಅನುಮಾನವೋ ಎಂದು ವಿಚಾರಣೆ ನಡೆಸಿದಳು. ಆಸೆ ಪಡುವುದು ಅರಸರ ಬಾಳಿಗೆ ಒಪ್ಪೀತು, ಭಕ್ತನ ಮನೆಗೆ ಒಪ್ಪದು ಎಂಬುದು ಆಕೆಯ ಮಾತಿನ ತಾತ್ಪರ್ಯ. ಕೊನೆಗೆ ತೀರ್ಪು ಹೊರಬಿತ್ತು: ತಂದಲ್ಲಿಯೇ ಸುರಿದು ಬರಬೇಕು.

ಇಲ್ಲಿ ಒಂದು ಕ್ಷಣ ನಿಂತು ಯೋಚಿಸಬೇಕು. ಬಸವಣ್ಣನವರು ಬಿಜ್ಜಳ ರಾಜನ ಭಂಡಾರಿ. ಕಲ್ಯಾಣದ ಬೊಕ್ಕಸದ ಬೀಗ ಅವರ ಕೈಯಲ್ಲಿ. ಅವರಿಂದ ಏನಾದರೂ ಸಿಗಲೆಂದು ಕಾದು ನಿಂತವರು ಎಷ್ಟು ಮಂದಿಯೋ. ಅಂಥವರ ಅಂಗಳದ ಅಕ್ಕಿಯನ್ನು ನಾಳೆಯ ಕೂಳಿಗೆ ಗತಿಯಿಲ್ಲದ ಹೆಣ್ಣುಮಗಳು ಒಲ್ಲೆನೆಂದಳು. ಬಸವಣ್ಣನವರ ಮೇಲೆ ಭಕ್ತಿ ಕಡಿಮೆಯಾಗಿ ಅಲ್ಲ. ಅವರ ಭಕ್ತಳಾಗಿದ್ದುಕೊಂಡೇ ಅವರ ಋಣಕ್ಕೆ ಒಳಗಾಗಲು ಒಪ್ಪಲಿಲ್ಲ. ಆ ಒಂದು ಗಂಟನ್ನು ಒಳಗೆ ಬಿಟ್ಟುಕೊಂಡಿದ್ದರೆ ಮರುದಿನದಿಂದ ಅವರದು ಕಾಯಕವಾಗಿ ಉಳಿಯುತ್ತಿರಲಿಲ್ಲ, ಮಹಾಮನೆಯ ಧರ್ಮದ ಕೂಳಾಗುತ್ತಿತ್ತು. ಸೋಜಿಗವೆಂದರೆ ಲಕ್ಕಮ್ಮ ಎಂಬ ಹೆಸರು ಬಂದದ್ದೇ ಲಕ್ಷ್ಮಿಯಿಂದ. ಮನೆಗೆ ಬಂದ ಲಕ್ಷ್ಮಿಯನ್ನು ಹೊರಗೆ ಕಳಿಸಿದವಳೂ ಒಬ್ಬ ಲಕ್ಷ್ಮಿಯೇ!

ಮಾರಯ್ಯನು ಗಂಟನ್ನು ಹೊತ್ತು ಹೋಗಿ ಹೆಚ್ಚಿನ ಅಕ್ಕಿಯನ್ನು ಸುರಿದು ಬಂದನು. ದಾರಿಯಲ್ಲಿ ಕಂಡವರು ಏನು ಕೇಳಿದರೋ, ಇವನು ಏನು ಉತ್ತರ ಕೊಟ್ಟನೋ, ಪುರಾಣಕಾರರು ಕರುಣೆಯಿಂದ ಅದನ್ನು ಬಿಟ್ಟಿದ್ದಾರೆ.

ಮುಂದಿನ ಕಥೆ ಪವಾಡದ್ದು. ಉಳಿದ ಅಷ್ಟಿಷ್ಟು ಅಕ್ಕಿಯನ್ನೇ ನಂಬಿ ಲಕ್ಕಮ್ಮ ಬಸವಣ್ಣನವರನ್ನೂ ಒಂದು ಲಕ್ಷ ತೊಂಬತ್ತಾರು ಸಾವಿರ ಜಂಗಮರನ್ನೂ ಊಟಕ್ಕೆ ಕರೆಸಿದಳೆಂದೂ ಎಲ್ಲರೂ ಉಂಡು ತೃಪ್ತರಾದರೆಂದೂ ಹೇಳುತ್ತಾರೆ. ದಾಸೋಹದ ಕೊಪ್ಪರಿಗೆಯ ಮುಂದೆ ನಿಂತು ಬೆವರಿಳಿಸಿದ ನಮ್ಮ ಸೇವಾಕರ್ತರಿಗೆ ಈ ಸಂಖ್ಯೆ ಕೇಳಿದರೆ ಎದೆ ಝಲ್ಲೆನ್ನುವುದು ಖಂಡಿತ. ಕಾಳುಗಳ ಲೆಕ್ಕ ಹಾಕುವವರು ಹಾಕಲಿ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಆ ಧೈರ್ಯ. ಹೆಚ್ಚಿನ ಅಕ್ಕಿ ಬೇಡವೆಂದು ಮರಳಿಸಿದವಳೇ ಇಡೀ ಕಲ್ಯಾಣವನ್ನು ಊಟಕ್ಕೆ ಕರೆದಳು. ತೆಗೆದುಕೊಳ್ಳುವಾಗ ಅಷ್ಟು ಬಿಗಿ ಹಿಡಿದ ಕೈ ನೀಡುವಾಗ ಅಳತೆಯನ್ನೇ ಮರೆಯಿತು.

ಲಕ್ಕಮ್ಮನ ಇಪ್ಪತ್ತೈದು ವಚನಗಳು ದೊರೆತಿವೆ. ಬಡತನ ಮೈಗೆ ಬರಬಹುದು, ಮನಸ್ಸಿಗೆ ಬರಲಾರದು ಎಂಬುದು ಅವುಗಳಲ್ಲಿ ಕಾಣುವ ಗಟ್ಟಿ ವಿಚಾರ. ಉಳಿಯ ಮೊನೆ ಸಣ್ಣದೆಂದು ಬೆಟ್ಟ ಒಡೆಯದೆ ಉಳಿದೀತೇ ಎಂಬ ಅರ್ಥದ ಹೋಲಿಕೆಯೂ ಆಕೆಯದೇ. ಗಂಡ ಹೆಂಡತಿ ಎಂಬ ಹೆಸರುಗಳು ಸಂಸಾರಕ್ಕೆ ಸೇರಿದವು, ಅರಿವಿಗೆ ಹೆಣ್ಣಿನ ಮೈ ಬೇರೆ ಗಂಡಿನ ಮೈ ಬೇರೆ ಎಂಬುದಿಲ್ಲ ಎಂದು ಎಂಟುನೂರು ವರ್ಷಗಳ ಹಿಂದೆಯೇ ಹೇಳಿಬಿಟ್ಟಳು. ಮಾರಯ್ಯನೂ ದೊಡ್ಡವನೇ. ಹೆಂಡತಿ ತಿದ್ದಿದಾಗ ಮುನಿಸಿಕೊಳ್ಳಲಿಲ್ಲ, ಗಂಡಸುತನದ ಮಾತು ಎತ್ತಲಿಲ್ಲ, ಗಂಟು ಎತ್ತಿಕೊಂಡು ಹೊರಟನು. ಮುಕ್ತಿಯ ವಿಚಾರದಲ್ಲಿಯೂ ಆಕೆಯ ಬಾಯಿಂದಲೇ ಉಪದೇಶ ಕೇಳಿದನು.

ಬಿಜ್ಜಳನ ಅಂತ್ಯಕಾಲದ ಗಲಭೆಯಲ್ಲಿ, ಅಂದರೆ 1167ರ ಸುಮಾರಿಗೆ, ಕಲ್ಯಾಣ ಒಡೆಯಿತು. ಶರಣರು ಚದುರಿದರು. ವಚನಗಳು ತಾಳೆಯ ಗರಿಗಳಲ್ಲಿ ಮಠಮನೆಗಳ ಅಟ್ಟ ಸೇರಿದವು. ಫ. ಗು. ಹಳಕಟ್ಟಿಯವರು ಅವನ್ನು ಹುಡುಕಿ ಕೂಡಿಸಿ 1923ರಲ್ಲಿ ವಚನಶಾಸ್ತ್ರಸಾರವನ್ನು ಹೊರತಂದ ಮೇಲೆ ಇಂಥ ಶರಣ ಶರಣೆಯರ ನುಡಿಗಳು ಮತ್ತೆ ಜನರ ಕೈಗೆ ಬರತೊಡಗಿದವು. ಆಯ್ದು ಇಡುವ ಕಾಯಕವನ್ನು ಹಳಕಟ್ಟಿಯವರೂ ಮಾಡಿದರೆನ್ನಬೇಕು.

ಮಾರಯ್ಯನ ವಚನಗಳ ಕೊನೆಗೆ ಅಮರೇಶ್ವರಲಿಂಗ ಎಂಬ ಅಂಕಿತವಿದೆ, ತಮ್ಮ ಊರ ದೇವರ ಹೆಸರು. ಲಕ್ಕಮ್ಮನ ಅಂಕಿತ ಮಾರಯ್ಯಪ್ರಿಯ ಅಮರೇಶ್ವರಲಿಂಗ. ಪ್ರಭುದೇವರ ಎದುರಿನಿಂದ ಗಂಡನನ್ನು ಎಬ್ಬಿಸಿದವಳು, ಅಕ್ಕಿಯ ಗಂಟಿನೊಡನೆ ಅವನನ್ನು ಬಂದ ದಾರಿಗೆ ಮರಳಿ ಅಟ್ಟಿದವಳು, ದೇವರನ್ನು ಕರೆಯುವಾಗ ಮಾತ್ರ ಪ್ರತಿಸಲವೂ ಮಾರಯ್ಯನ ಹೆಸರನ್ನು ಮೊದಲು ಹೇಳಿ ಆಮೇಲೆ ದೇವರ ಹೆಸರನ್ನು ಹೇಳಿದಳು.